ನೀರಿಗೆ ಎದುರಾಗಿ ಒಂದು ದಿನ

ಕಾಡುಬೆಳ್ಳುಳ್ಳಿಯ ಘಾಟು ಮೊದಲು ಮೂಗಿಗೆ ಬಡಿಯುತ್ತದೆ. ನಾಲೆ ಕಾಣುವುದು ಆಮೇಲೆ. ಮೇ ತಿಂಗಳ ಬೆಳಗು, ರಾತ್ರಿ ಸುರಿದ ಮಳೆಗೆ ಏರಿಯ ಮಣ್ಣು ಮೆತ್ತಗಾಗಿದೆ. ಒಂದು ಕಡೆ ಬೇಲಿ, ಬೇಲಿಯಾಚೆ ಮರಿಗಳನ್ನು ಕರೆಯುವ ಕುರಿಗಳು, ಇನ್ನೊಂದು ಕಡೆ ಕಂದು ಬಣ್ಣದ ನೀರು, ನಡುವೆ ಇಬ್ಬರು ಜೊತೆಯಾಗಿ ನಡೆಯುವಷ್ಟೇ ಅಗಲದ ದಾರಿ. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ದಾರಿ ಇದು. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಗುಂಟ 285 ಕಿ.ಮೀ. ಸಾಗುವ ಆಫಾಸ್ ಡೈಕ್ ಚಾರಣದಲ್ಲಿ ಗುಡ್ಡ ಹತ್ತಿ ಇಳಿದು ಮಂಡಿ ನೋಯಿಸಿಕೊಂಡವರಿಗೆ ಈ ಸಮತಟ್ಟಾದ ನೆಲ ದೊಡ್ಡ ಉಪಕಾರ. ಗುಡ್ಡವನ್ನು ಒಂದು ದಿನ ಪಕ್ಕಕ್ಕಿಟ್ಟು, ಚರ್ಕ್‌ನಿಂದ ಲಾಂಗೋಲೆನ್‌ವರೆಗೆ ನಾಲೆಯ ಜೊತೆಗೇ ಹೋಗೋಣ, ಬನ್ನಿ.

ಹೊರಡುತ್ತಲೇ ಗಡಿ ದಾಟುತ್ತೇವೆ. ಕೆಳಗೆ ಕೈರಿಯೋಗ್ ಹೊಳೆ, ಅದರ ಮೇಲೆ ಹತ್ತು ಕಮಾನುಗಳ ಕಲ್ಲಿನ ಮೇಲ್ಗಾಲುವೆ, ಮಗ್ಗುಲಲ್ಲೇ ಅದಕ್ಕಿಂತ ಎತ್ತರದ ರೈಲುಸೇತುವೆ. ರೈಲು ಹಾದುಹೋದಾಗ ಸದ್ದು ಕಣಿವೆಯಲ್ಲಿ ಉರುಳಿ ಬಹಳ ಹೊತ್ತಿಗೆ ಅಡಗುತ್ತದೆ. ದಾಟಿದ ಕೂಡಲೇ ನಾಲೆ ಗುಡ್ಡದ ಹೊಟ್ಟೆಗೆ ನುಗ್ಗುತ್ತದೆ. 421 ಮೀಟರ್ ಸುರಂಗ. ಒಳಗೆ ಥಂಡಿ, ಒದ್ದೆ ಇಟ್ಟಿಗೆಯ ವಾಸನೆ, ಚಾವಣಿಯಿಂದ ತೊಟ್ಟಿಕ್ಕುವ ಹನಿ. ಟಾರ್ಚ್ ಹಿಡಿದು, ಮತ್ತೊಂದು ಕೈಯಲ್ಲಿ ಕಂಬಿ ತಡಕುತ್ತ ನಡೆಯಬೇಕು.

ಆಚೆ ಬದಿಯ ಬೆಳಕಿನಲ್ಲಿ ನೀರನ್ನು ಸ್ವಲ್ಪ ಹೊತ್ತು ನೋಡಿ. ಉದುರಿದ ಬಿಳಿ ಹೂಪಕಳೆಗಳು ನಮಗೆದುರಾಗಿ ತೇಲಿ ಬರುತ್ತಿವೆ. ಈ ದೇಶದ ದೋಣಿನಾಲೆಗಳಲ್ಲಿ ನೀರು ಸಾಮಾನ್ಯವಾಗಿ ಕೆರೆಯ ನೀರಿನಂತೆ ನಿಂತಿರುತ್ತದೆ. ಇದು ಹರಿಯುತ್ತದೆ.

ಹಳೆಯ ಸೇತುವೆಗಳ ಕೆಳಗೆ ಹಾಯುವಾಗ ಮೂಲೆಯ ಕಲ್ಲನ್ನು ಬೆರಳಿನಿಂದ ಮುಟ್ಟಿ. ಆಳವಾದ ಗೀರುಗಳು, ಒಂದರ ಕೆಳಗೊಂದು, ಅಂಚು ನುಣ್ಣಗಾಗಿ ಬೆರಳು ಪೂರ್ತಿ ಕೂರುವಂಥವು. ನೀರಲ್ಲಿ ನೆಂದು ಮರಳು ಹಿಡಿದ ಹಗ್ಗ, ಕುದುರೆ ಎಳೆದಂತೆಲ್ಲ ಅದೇ ಜಾಗದಲ್ಲಿ ತಿಕ್ಕಿ ತಿಕ್ಕಿ ಕಲ್ಲನ್ನೇ ಕೊರೆದಿದೆ. ಸುಣ್ಣದ ಕಲ್ಲು, ಕಲ್ಲಿದ್ದಲು, ಕಬ್ಬಿಣ ಹೊತ್ತ ದೋಣಿಗಳ ಲೆಕ್ಕ ಯಾವ ದಫ್ತರದಲ್ಲಿದ್ದರೂ, ಆ ದುಡಿಮೆ ನನಗೆ ನಂಬಿಕೆಯಾದದ್ದು ಈ ಗೀರುಗಳಿಂದ.

ಮಧ್ಯಾಹ್ನದ ಹೊತ್ತಿಗೆ ನೆಲ ಒಮ್ಮೆಲೇ ಕುಸಿದು ಡೀ ನದಿಯ ಕಣಿವೆ ತೆರೆದುಕೊಳ್ಳುತ್ತದೆ. ನಾಲೆ ಮಾತ್ರ ತಗ್ಗುವುದಿಲ್ಲ. ಗಾಳಿಯಲ್ಲೇ ನೇರವಾಗಿ ಮುಂದುವರಿಯುತ್ತದೆ. ಇದೇ ಪೊಂಟ್‌ಕಸಲ್ತೆ ಮೇಲ್ಗಾಲುವೆ. 18 ಕಲ್ಲಿನ ಕಂಬಗಳ ಮೇಲೆ 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ, ನದಿಯಿಂದ 38 ಮೀಟರ್ ಎತ್ತರದಲ್ಲಿ. ನಡೆಯುವವರ ಪಕ್ಕಕ್ಕೆ ಕಟಕಟೆ ಇದೆ. ದೋಣಿಯ ಆಚೆ ಬದಿಗೆ ಏನೂ ಇಲ್ಲ, ಕಬ್ಬಿಣದ ಅಂಚು, ಅಂಚಿನಾಚೆ ಬಯಲು. ಡುಗುಡುಗು ಎನ್ನುತ್ತ, ಡೀಸೆಲ್ ಮತ್ತು ಸೌದೆ ಹೊಗೆಯ ವಾಸನೆ ಬಿಡುತ್ತ ಉದ್ದನೆಯ ಹಸಿರು ದೋಣಿಯೊಂದು ನಮ್ಮ ಪಕ್ಕಕ್ಕೇ ಬಂತು. ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತ ವಯಸ್ಸಾದ ಹೆಂಗಸು ಆ ಬದಿಗೆ ಕಣ್ಣೆತ್ತದೆ, ನಮ್ಮತ್ತ ತಲೆಯಾಡಿಸಿದರು. ಅವರ ವೇಗ ನಮ್ಮ ನಡಿಗೆಗಿಂತ ಹೆಚ್ಚೇನಿಲ್ಲ.

ನಾವು ನಿಂತ ದಾರಿಯ ಅಡಿಯಲ್ಲೂ ನೀರಿದೆ. ತೊಟ್ಟಿಯ ತುಂಬ ನೀರು, ಅದರ ಒಂದು ಬದಿಯ ಮೇಲೆ ಚಾಚಿದ ಹಲಗೆಯಂತೆ ಈ ಕಾಲುದಾರಿ. ದೋಣಿ ಮುಂದೆ ತಳ್ಳಿದ ನೀರು ಹೀಗೆ ನಮ್ಮ ಕಾಲಡಿಯಿಂದ ಹಿಂದಕ್ಕೆ ನುಸುಳುತ್ತದೆ. ಇಲ್ಲವಾದರೆ ಇಷ್ಟು ಇಕ್ಕಟ್ಟಿನಲ್ಲಿ ದೋಣಿ ಮುಂದೆ ಸರಿಯುವುದೇ ಕಷ್ಟವಾಗುತ್ತಿತ್ತು. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ 1795ರಲ್ಲಿ ಶುರು ಮಾಡಿಸಿ 1805ರಲ್ಲಿ ಮುಗಿಸಿದ ಕೆಲಸವಿದು. ಕಬ್ಬಿಣದ ಹಾಳೆಗಳ ಸಂದುಗಳಿಗೆ ಫ್ಲಾನೆಲ್ ಬಟ್ಟೆ, ಬಿಳಿ ಸೀಸ ತುರುಕಿದರು. ನಿಂತವರು ನಿಂತೇ ಇರುತ್ತೇವೆ, ಅಷ್ಟು ಚೆಂದ. 2009ರಲ್ಲಿ ಯುನೆಸ್ಕೊ ಇದನ್ನೂ ಆಚೀಚಿನ ನಾಲೆಯನ್ನೂ ಸೇರಿಸಿ 18 ಕಿ.ಮೀ. ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಚೆ ದಡದ ಟ್ರೆವರ್‌ನಲ್ಲಿ ನಾಲೆ ನೇರ ಹೋಗಬೇಕಿತ್ತು, ಮರ್ಸಿ ನದಿಯ ಕಡೆಗೆ. ಆ ಭಾಗ ಕಟ್ಟಲಿಲ್ಲ. ಎಡಕ್ಕೆ ತಿರುಗುವ ಕಿರುನಾಲೆಯನ್ನು ಹಿಡಿಯುತ್ತೇವೆ. ಇಲ್ಲಿಂದ ಕೆಲವೆಡೆ ಒಂದೇ ದೋಣಿಗೆ ಜಾಗ. ದೋಣಿಯವರಲ್ಲೊಬ್ಬರು ಮುಂದೆ ನಡೆದುಹೋಗಿ, ಎದುರಿಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೈ ಬೀಸುತ್ತಾರೆ. ಹಾಗೆ ನಡೆದು ಬಂದ ಹುಡುಗನೊಬ್ಬ ನಮ್ಮನ್ನೇ ಕೇಳಿದ, "ಅತ್ತ ಕಡೆಯಿಂದ ದೋಣಿ ಬರ್ತಾ ಇದೆಯಾ?" ನಾವೂ ಇತ್ತಲಿಂದಲೇ ಬಂದವರು, ಏನು ಹೇಳುವುದು? ನಕ್ಕು ಒಟ್ಟಿಗೇ ತಿರುವಿನವರೆಗೆ ಹೋದೆವು.

ಲಾಂಗೋಲೆನ್ ದಾಟಿದರೆ ಮೋಟಾರು ದೋಣಿಗಳಿಗೆ ಪ್ರವೇಶವಿಲ್ಲ. ಅಲ್ಲಿಂದ ಕುದುರೆ ಎಳೆಯುವ ದೋಣಿ ಮಾತ್ರ. 1884ರಿಂದ ಪ್ರವಾಸಿಗರನ್ನು ಹೀಗೆ ಒಯ್ಯುತ್ತಿದ್ದಾರೆ. ಗೊರಸಿನ ಸದ್ದು, ಬೆವೆತ ಕುದುರೆಯ ವಾಸನೆ, ಬಿಗಿಯಾದಾಗ ನೀರಿನಿಂದ ಮೇಲೆದ್ದು ಹನಿ ಸುರಿಸುವ ಹಗ್ಗ. ಬೆಳಿಗ್ಗೆ ಬೆರಳಿಗೆ ಸಿಕ್ಕ ಗೀರುಗಳನ್ನು ಕೊರೆದ ಕೆಲಸವೇ ಕಣ್ಣೆದುರು ನಡೆಯುತ್ತಿರುತ್ತದೆ.

ದಾರಿ ಮುಗಿಯುವುದು ಹಾರ್ಸ್‌ಶೂ ಫಾಲ್ಸ್ ಎಂಬ ಬಾಗಿದ ಒಡ್ಡಿನ ಬಳಿ. ಟೆಲ್ಫರ್ಡ್ ಕಟ್ಟಿಸಿದ ಈ ಒಡ್ಡು ಡೀ ನದಿಯನ್ನು ತಡೆದು ನಾಲೆಗೆ ನೀರು ತಿರುಗಿಸುತ್ತದೆ. ರಸ್ತೆ, ರೈಲು ಬಂದ ಮೇಲೆ ಸರಕಿನ ದೋಣಿಗಳು ನಿಂತವು. 1944ರಲ್ಲಿ ದೋಣಿ ಸಂಚಾರಕ್ಕೆ ಈ ನಾಲೆ ಬೇಡವೆಂದು ಕಾನೂನೇ ಆಯಿತು. ಅನೇಕ ನಾಲೆಗಳನ್ನು ಹಾಗೆಯೇ ಮುಚ್ಚಿದರು, ಇದನ್ನು ಮುಚ್ಚಲಾಗಲಿಲ್ಲ. ಚೆಶೈರ್‌ನ ಹರ್ಲ್‌ಸ್ಟನ್ ಜಲಾಶಯಕ್ಕೆ ಕುಡಿಯುವ ನೀರು ಇದರಲ್ಲೇ ಹೋಗಬೇಕಿತ್ತು, ಈಗಲೂ ಹೋಗುತ್ತಿದೆ, ದಿನಕ್ಕೆ ಸುಮಾರು ಐದೂವರೆ ಕೋಟಿ ಲೀಟರ್. ನಾಲೆಯೆಂದರೆ ಗದ್ದೆಗೆ ನೀರು ಎಂದೇ ಅರಿತು ಬೆಳೆದ ಮಂಡ್ಯ ಕಡೆಯವರಿಗೆ ಇದು ತಟ್ಟನೆ ಅರ್ಥವಾದೀತು: ದೋಣಿಗೆಂದು ತೋಡಿದ್ದನ್ನು ಉಳಿಸಿದ್ದು ಊರುಗಳ ಬಾಯಾರಿಕೆ.

ಒಡ್ಡಿನ ಪಕ್ಕದ ಹುಲ್ಲಿನಲ್ಲಿ ಬೂಟು ಬಿಚ್ಚಿ ಕಾಲು ಚಾಚಿ. ಲಾಂಗೋಲೆನ್‌ಗೆ ಮರಳಿ ಹೊಟ್ಟೆ ತುಂಬ ಉಂಡು ಮಲಗಬೇಕು. ನಾಳೆ ಮತ್ತೆ ಚಾರಣದ ದಾರಿ, ಎಗ್ಲ್ವಿಸೆಗ್‌ನ ಸುಣ್ಣಕಲ್ಲಿನ ಬಂಡೆಸಾಲಿನ ಬುಡದಲ್ಲಿ, ಉತ್ತರಕ್ಕೆ ಪ್ರೆಸ್ಟಾಟಿನ್ ಕಡಲ ಕಡೆಗೆ.