ಜಪಾನೀ ಭಾಷೆಯ ‘ದನ್ನ’ ಶಬ್ದ: ಮೂಲವೂ ಅರ್ಥಪರಂಪರೆಯೂ

ಜಪಾನೀ ಭಾಷೆಯಲ್ಲಿ ‘ದನ್ನ’ ಎಂಬುದೊಂದು ಬಳಕೆಯ ಮಾತು. ಹೆಂಡತಿಯು ತನ್ನ ಗಂಡನ ವಿಷಯವನ್ನು ಪರರೊಡನೆ ಆಡುವಾಗ ‘ದನ್ನ’ ಎನ್ನುವಳು. ಹಿಂದೆ ಅಂಗಡಿಯ ಆಳುಗಳಿಗೆ ಒಡೆಯನು ‘ದನ್ನ’. ವ್ಯಾಪಾರಿಗೆ ಉಳ್ಳವನಂತೆ ತೋರುವ ಗಿರಾಕಿಯೂ ‘ದನ್ನ’. ಗೇಯ್ಷಾ ಎಂಬ ಕಲಾಜೀವಿನಿಯ ವೆಚ್ಚವನ್ನು ವಹಿಸಿಕೊಂಡ ಪೋಷಕನಿಗೂ ಇದೇ ಹೆಸರು. ಇದನ್ನು ಕೇಳಿದೊಡನೆ ಕನ್ನಡಿಗನಿಗೆ ‘ಧಣಿ’ಯು ನೆನಪಾಗುವುದು ಸಹಜ. ಧ್ವನಿಯೂ ಹತ್ತಿರ, ಅರ್ಥವೂ ಹತ್ತಿರ. ಆದರೂ ಈ ಸಾಮ್ಯವು ಆಭಾಸವೇ ಸರಿ. ‘ಧಣಿ’ಯು ಧನವುಳ್ಳವನೆಂಬ ಅರ್ಥದ ‘ಧನಿನ್’ ಶಬ್ದದಿಂದ ಬಂದುದು. ‘ದನ್ನ’ದ ಮೂಲವು ಧನವಲ್ಲ, ದಾನ. ಕಿವಿಯ ಸಾಕ್ಷ್ಯವೊಂದನ್ನೇ ನಂಬಿ ವ್ಯುತ್ಪತ್ತಿ ಹೇಳುವವರು ಎಲ್ಲ ದೇಶಗಳಲ್ಲಿಯೂ ಉಂಟು.

ಬೌದ್ಧರ ಆರು ಪಾರಮಿತೆಗಳಲ್ಲಿ ದಾನವು ಮೊದಲನೆಯದೆಂಬುದು ವಿದಿತವಾಗಿಯೇ ಇದೆ. ಬೌದ್ಧಗ್ರಂಥಗಳನ್ನು ಪರಿವರ್ತಿಸಿದ ಚೀನದ ಪಂಡಿತರು ಈ ಶಬ್ದಕ್ಕೆ ಅರ್ಥಾನುವಾದವೊಂದನ್ನೂ ಧ್ವನ್ಯನುವಾದವೊಂದನ್ನೂ ಮಾಡಿಕೊಂಡರು. ಮೊದಲನೆಯದು ಜಪಾನಿನಲ್ಲಿ ‘ಫುಸೆ’ ಎಂದಾಯಿತು, ಎರಡನೆಯದೇ ‘ದನ್ನ’. ಇದರ ಮೊದಲ ಸಂಕೇತಕ್ಕೆ ಮರವೊಂದರ ಹೆಸರೆಂದು ಅರ್ಥ; ಅದಕ್ಕೆ ಬದಲಾಗಿ ಜಪಾನಿನಲ್ಲಿ ರೂಢಿಗೆ ಬಂದ ಸುಲಭವಾದ ಸಂಕೇತಕ್ಕೆ ಉಷಃಕಾಲವೆಂದು ಅರ್ಥ. ಮರಕ್ಕೂ ಉಷಸ್ಸಿಗೂ ಒಡೆಯನಿಗೂ ಸಂಬಂಧವನ್ನು ಹುಡುಕಹೊರಟರೆ ಶ್ರಮವೇ ಫಲ. ಇಲ್ಲಿ ಧ್ವನಿಯೇ ಪ್ರಧಾನ. ಇಂದಿನ ಚೀನೀ ಭಾಷೆಯಲ್ಲಿ ಆ ಮೊದಲ ಸಂಕೇತದ ಆದ್ಯಕ್ಷರವು ಅಘೋಷವಾಗಿ ‘ಥಾನ್’ ಎಂದಾಗಿದೆ. ಜಪಾನಿನಲ್ಲಿಯಾದರೋ ಹಳೆಯ ದಕಾರವೇ ಉಳಿದುಬಂದಿದೆ. ದೀರ್ಘವು ಹೋಗಿ ನಕಾರಕ್ಕೆ ದ್ವಿತ್ವ ಬಂದರೂ ‘ದಾನ’ವೂ ‘ದನ್ನ’ವೂ ಗುರು ಲಘುಗಳ ಮೂರು ಮಾತ್ರೆಗಳೇ. ಜಪಾನೀಯರೂ ಇದನ್ನು ‘ದ-ನ್-ನ’ ಎಂದು ಮೂರಾಗಿಯೇ ಎಣಿಸುವರು.

ದಾನವು ಕ್ರಿಯೆ, ಕೊಡುವವನು ದಾತೃ. ಕ್ರಿಯಾವಾಚಕವು ಕರ್ತೃವಾಚಕವಾದುದು ಹೇಗೆ? ತುಪ್ಪವನ್ನೇ ಆಯುಸ್ಸೆನ್ನುವಂತೆ ಲಕ್ಷಣೆಯಿಂದ ದಾನವನ್ನೇ ದಾನಿಯೆಂದರೆನ್ನಬಹುದು. ಸತ್ಯಭಾಮೆಯನ್ನು ಭಾಮೆಯೆನ್ನುವಂತೆ ‘ದಾನಪತಿ’ ಎಂಬ ಸಮಾಸದಲ್ಲಿ ಒಂದು ಪದವು ಲೋಪಿಸಿತೆನ್ನುವುದು ಇನ್ನೂ ಯುಕ್ತವಾಗಿ ತೋರುತ್ತದೆ. ಏಕೆಂದರೆ ದಾನಪತಿಯೆಂಬ ಅರ್ಥದಲ್ಲಿಯೇ ‘ದನೋಚಿ’ ಎಂಬ ರೂಪವು ೮ನೆಯ ಶತಮಾನದ ‘ಮನ್ಯೋಶೂ’ ಕಾವ್ಯಸಂಗ್ರಹದಲ್ಲಿ ದೊರೆಯುತ್ತದೆ. ಅದರ ೧೬ನೆಯ ಸಂಪುಟದಲ್ಲಿ ಭಿಕ್ಷುವಿನ ಕುರುಚಲು ಗಡ್ಡವನ್ನು ಹಾಸ್ಯಮಾಡಿದವನಿಗೆ ಪ್ರತ್ಯುತ್ತರವಾಗಿರುವ ಪದ್ಯವು ಆತನನ್ನು ಈ ಮಾತಿನಿಂದಲೇ ಸಂಬೋಧಿಸುತ್ತದೆ. ಇದರ ಉತ್ತರಾರ್ಧದ ಸಂಕೇತಕ್ಕೆ ದಾಟುವುದೆಂಬ ಅರ್ಥವಿರುವುದರಿಂದ, ದಾನದಿಂದ ದಾರಿದ್ರ್ಯಸಮುದ್ರವನ್ನು ದಾಟುವವನೆಂದು ಚೀನದ ವ್ಯಾಖ್ಯಾನಕಾರರು ನಿರ್ವಚನ ಹೇಳಿದರು. ಯಾಸ್ಕನ ಶಿಷ್ಯರೆನಿಸಲು ಅವರು ಯೋಗ್ಯರೇ!

ಮುಂದಿನ ಕಥೆಯು ವಿಚಿತ್ರವಾದುದು. ಮಧ್ಯಯುಗದಲ್ಲಿ ಕುಮಾನೋ ಕ್ಷೇತ್ರದ ತೀರ್ಥಪುರೋಹಿತರು ತಮ್ಮ ತಮ್ಮ ಯಾತ್ರಿಕರನ್ನು ‘ದನ್ನ’ ಎನ್ನುತ್ತಿದ್ದರು. ಅವರಿಂದ ಬರುವ ಕಾಣಿಕೆಯ ಹಕ್ಕು ಆಸ್ತಿಯೆನಿಸಿ, ಕ್ರಯಪತ್ರಗಳ ಮೂಲಕ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. ೧೬೩೭–೩೮ರ ಶಿಮಬಾರ ದಂಗೆಯ ತರುವಾಯ ತೊಕುಗಾವ ಪ್ರಭುಗಳು ಕ್ರೈಸ್ತಮತದ ನಿಷೇಧವನ್ನು ಬಿಗಿಗೊಳಿಸಿದರು. ಪ್ರತಿಯೊಂದು ಮನೆಯವರೂ ಒಂದು ಬೌದ್ಧ ದೇವಾಲಯಕ್ಕೆ ಸೇರಿ, ತಾವು ಕ್ರೈಸ್ತರಲ್ಲವೆಂದು ಅಲ್ಲಿಂದ ಪತ್ರ ಪಡೆಯಬೇಕಾಯಿತು. ಇಂಥ ಮನೆಗೆ ‘ದಂಕ’, ಅದರ ದೇವಾಲಯಕ್ಕೆ ‘ದನ್ನದೆರ’ ಎಂದು ಹೆಸರು. ಸ್ವೇಚ್ಛೆಯಿಂದ ಕೊಡುವುದೇ ದಾನವೆಂಬ ಮೂಲಾರ್ಥವು ಇಲ್ಲಿ ತಲೆಕೆಳಗಾಯಿತು. ಕೊಡದಿದ್ದರೆ ಪತ್ರಕ್ಕೇ ಸಂಚಕಾರ. ಈ ನೋಂದಣಿಯು ೧೮೭೧ರಲ್ಲಿ ರದ್ದಾಯಿತಾದರೂ ದಂಕದ ಸಂಬಂಧವು ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ.

ದೇವಾಲಯಕ್ಕೆ ಕೊಡುವವನೇ ಆಳಿಗೂ ಅನ್ನ ಕೊಡುವವನಾದುದರಿಂದ ಶಬ್ದವು ಮಠದಿಂದ ಅಂಗಡಿಗೂ ಅಂಗಡಿಯಿಂದ ಅಡುಗೆಮನೆಗೂ ಬಂದಿತು. ಹಿರಿಯ ಒಡೆಯನು ‘ಓದನ್ನ’, ಅವನ ಮಗನು ‘ವಕದನ್ನ’. ಸಿರಿವಂತನು ಹವ್ಯಾಸಕ್ಕಾಗಿ ಕಲಿತ ಅರೆಬರೆ ಸಂಗೀತ ನಾಟ್ಯಾದಿಗಳಿಗೆ ‘ದನ್ನಗೇಯ್’ ಎನ್ನುವರು. ಕೊಡುಗೈಯವನಾದುದರಿಂದ ಎದುರಿಗೆ ಹೊಗಳುವವರಿಗೇನೂ ಕೊರತೆಯಿರಲಾರದು.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಾಟಿಯಾದ ಶಬ್ದವಾವುದು? ‘ಧಣಿ’ಯಲ್ಲ, ‘ಯಜಮಾನ’. ಯಜ್ಞವನ್ನು ತನಗಾಗಿ ಮಾಡಿಸಿ ಋತ್ವಿಜರಿಗೆ ದಕ್ಷಿಣೆ ಕೊಡುವವನು ಯಜಮಾನ; ಬಳಿಕ ಮನೆಯ ಒಡೆಯ; ಕಡೆಗೆ ‘ನಮ್ಮ ಯಜಮಾನರು’ ಎಂದು ಹೆಂಡತಿಯು ಹೇಳುವ ಗಂಡ. ಉತ್ತರದೇಶದ ತೀರ್ಥಪುರೋಹಿತರಲ್ಲಿ ‘ಜಜಮಾನ’ರ ಮೇಲಿನ ಹಕ್ಕು ವಂಶಪಾರಂಪರ್ಯವಾಗಿ ಬರುವುದೂ ಕುಮಾನೋದ ಪದ್ಧತಿಯನ್ನು ನೆನಪಿಗೆ ತರುತ್ತದೆ. ಎರಡು ಶಬ್ದಗಳಿಗೂ ಧ್ವನಿಯಲ್ಲಿ ಲೇಶವೂ ಸಾಮ್ಯವಿಲ್ಲ. ನಡೆದ ದಾರಿ ಮಾತ್ರ ಒಂದೇ. ಗಂಡನನ್ನು ಒಡೆಯನೆಂದು ಕರೆಯಲೊಲ್ಲದೆ ‘ದನ್ನ’ವನ್ನು ಬಿಟ್ಟು ‘ಒತ್ತೊ’ ಎಂಬ ಬೇರೆ ಮಾತನ್ನು ಬಳಸುವವರು ಈಗ ಜಪಾನಿನಲ್ಲಿ ಉಂಟು.