ಡಿಸ್ಕು ಮತ್ತು ಸ್ಟ್ರೀಮಿಂಗ್: ಗೃಹವೀಕ್ಷಣೆಯಲ್ಲಿ ಆಧಾರದ ಪ್ರಶ್ನೆ

ಚಲನಚಿತ್ರವನ್ನು ಮನೆಯಲ್ಲಿ ನೋಡಬಯಸುವವರಿಗೆ ಇಂದು ಎರಡು ಮಾರ್ಗಗಳುಂಟು. ಡಿಸ್ಕನ್ನು ಕೊಂಡು ಇಟ್ಟುಕೊಳ್ಳುವುದು ಒಂದು. ಅಂತರಜಾಲದ ಸ್ಟ್ರೀಮಿಂಗಿಗೆ ಚಂದಾ ತೆರುವುದು ಇನ್ನೊಂದು. ಇವುಗಳ ತಾರತಮ್ಯವನ್ನು ಅನುಕೂಲವೊಂದರಿಂದಲೇ ಅಳೆಯುವುದು ವಾಡಿಕೆ. ಚಲನಚಿತ್ರವನ್ನು ಚರಿತ್ರೆಯ ಆಧಾರವಾಗಿಯೂ ಬಳಸುವ ನಾವು ಬೇರೊಂದು ಅಂಶವನ್ನು ಗಮನಿಸಬೇಕಾಗುತ್ತದೆ.

ಸ್ಟ್ರೀಮಿಂಗಿನ ಸೌಲಭ್ಯವನ್ನು ಅಲ್ಲಗಳೆಯಲಾಗದು. ಅಲ್ಪ ವೆಚ್ಚದಲ್ಲಿ ಅನೇಕ ಚಿತ್ರಗಳು ಅದರಿಂದ ಲಭಿಸುತ್ತವೆ. 1998ರಿಂದ ಅಂಚೆಯ ಮೂಲಕ ಡಿ.ವಿ.ಡಿ.ಗಳನ್ನು ಬಾಡಿಗೆಗೆ ಕಳುಹಿಸುತ್ತಿದ್ದ ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯು 2007ರಲ್ಲಿ ಸ್ಟ್ರೀಮಿಂಗನ್ನು ಆರಂಭಿಸಿ, 2023ರಲ್ಲಿ ಅಂಚೆಯ ಸೇವೆಯನ್ನೇ ನಿಲ್ಲಿಸಿದುದು ಪ್ರೇಕ್ಷಕರ ಒಲವನ್ನು ಸೂಚಿಸುತ್ತದೆ.

ಆದರೆ ಚಂದಾದಾರನು ಪಡೆಯುವುದು ಚಿತ್ರವನ್ನಲ್ಲ, ಅದನ್ನು ನೋಡುವ ಅನುಮತಿಯನ್ನು ಮಾತ್ರ. ಪ್ರದರ್ಶನದ ಒಪ್ಪಂದವು ಮುಗಿದೊಡನೆ ಚಿತ್ರವು ಮರೆಯಾಗಬಹುದು. ಸೂಚನೆಯಿಲ್ಲದೆ ಅದರ ಪಾಠವೇ ಬದಲಾಗಲೂಬಹುದು. ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದಲ್ಲಿ ಪೊಲೀಸ್ ನಾಯಕನು ಆಡುವ ಜನಾಂಗನಿಂದೆಯ ಮಾತು ಅಮೆರಿಕದ ಸ್ಟ್ರೀಮಿಂಗ್ ಪ್ರತಿಯಲ್ಲಿ ಲೋಪವಾಗಿರುವುದು 2023ರಲ್ಲಿ ಬೆಳಕಿಗೆ ಬಂದಿತು. ಹಳೆಯ ಡಿಸ್ಕುಗಳಲ್ಲಿ ಅದು ಹಾಗೆಯೇ ಉಳಿದಿದೆ. ಅಂದಿನ ವರ್ಣದ್ವೇಷವನ್ನು ಅಭ್ಯಸಿಸುವವನಿಗೆ ಲೋಪವಾದ ಭಾಗವೇ ಮುಖ್ಯವಾದ ಸಾಕ್ಷ್ಯ. ಇಂತಹ ಪಾಠಾಂತರವನ್ನು ನಿರ್ಣಯಿಸಲು ಹಳೆಯ ಡಿಸ್ಕೇ ನಮಗೆ ಹಸ್ತಪ್ರತಿಯಂತೆ ಒದಗುತ್ತದೆ.

ಡಿಸ್ಕೂ ಶಾಶ್ವತವಲ್ಲ. ಗೀರು ಬೀಳುವುದುಂಟು, ಪದರವು ಕೆಡುವುದುಂಟು. ಪ್ಲೇಯರ್ ಇಲ್ಲದೆ ಅದು ನಿರುಪಯುಕ್ತ. ಆದುದರಿಂದ ಒಮ್ಮೆ ನೋಡಿ ಬಿಡುವ ಚಿತ್ರಕ್ಕೆ ಸ್ಟ್ರೀಮಿಂಗ್ ಸಾಕು; ಬೋಧಿಸುವ, ಉಲ್ಲೇಖಿಸುವ ಚಿತ್ರಕ್ಕೆ ಡಿಸ್ಕು ಅಗತ್ಯವೆಂದು ನಮ್ಮ ಅಭಿಪ್ರಾಯ. ಯಾವ ಪ್ರತಿಯನ್ನು ನೋಡಿದೆವೆಂಬುದನ್ನೂ ನಮೂದಿಸತಕ್ಕದ್ದು. ಪರಿಶೀಲನೆಗೆ ಒದಗದ ಆಧಾರದ ಮೇಲೆ ಚರಿತ್ರೆಯನ್ನು ರಚಿಸಲಾಗದು.