‘ಬಾಯ್ಕಾಟ್’ ಎಂಬ ಕ್ರಿಯಾಪದದ ಅರ್ಥವೂ ಪ್ರಯೋಗವೂ

ಪರಭಾಷೆಯ ಕ್ರಿಯಾಪದವೊಂದನ್ನು ಕಲಿಯುವವನು ನಿಘಂಟಿನ ಪರ್ಯಾಯಪದವನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಅದನ್ನು ಅರಿತಂತಾಗುವುದಿಲ್ಲ. ಕರ್ತೃವಾರು, ಕರ್ಮವಾವುದು ಎಂಬುದೂ ತಿಳಿದಿರಬೇಕು. ಇಂಗ್ಲಿಷಿನ ‘ಬಾಯ್ಕಾಟ್’ ಇದಕ್ಕೆ ತಕ್ಕ ನಿದರ್ಶನ.

ಇಲ್ಲಿ ವ್ಯಕ್ತಿಯ ಹೆಸರೇ ಧಾತುವಾಗಿದೆ. ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಭೂಸ್ವಾಮಿಯ ಕಾರಭಾರಿಯಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟನು 1880ರ ಸೆಪ್ಟೆಂಬರಿನಲ್ಲಿ ಗೇಣಿದಾರರನ್ನು ಒಕ್ಕಲೆಬ್ಬಿಸಲು ಹೊರಟನು. ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿದವನೊಡನೆ ಯಾರೂ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳಬಾರದೆಂದು ಪಾರ್ನೆಲ್ಲನು ಎನಿಸ್ ಪಟ್ಟಣದಲ್ಲಿ ಬೋಧಿಸಿ ಕೆಲವೇ ದಿನಗಳಾಗಿದ್ದವು. ಜನರು ಆ ಉಪಾಯವನ್ನು ಕಾರಭಾರಿಯ ಮೇಲೆಯೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊರಗಿನಿಂದ 50 ಮಂದಿ ಆಳುಗಳು ಸಿಪಾಯಿಗಳ ಕಾವಲಿನಲ್ಲಿ ಬಂದು ಬೆಳೆ ಕೊಯ್ದರು. ಕಾವಲಿನ ವೆಚ್ಚವು ಬೆಳೆಯ ಬೆಲೆಯನ್ನು ಎಷ್ಟೋ ಮೀರಿತು. ‘ಆಸ್ಟ್ರಸೈಜ್’ ಎಂಬ ಗ್ರೀಕ್ ಮೂಲದ ಮಾತು ರೈತರಿಗೆ ತಿಳಿಯದೆಂದು ಅಲ್ಲಿನ ಪಾದ್ರಿ ಓಮ್ಯಾಲಿಯು ಈ ಹೆಸರನ್ನೇ ಕ್ರಿಯಾಪದವಾಗಿ ಸೂಚಿಸಿದನೆಂದು ಅಮೆರಿಕದ ಪತ್ರಿಕಾಕರ್ತ ರೆಡ್‌ಪಾತ್ ಹೇಳಿದ್ದಾನೆ. ಪಂಡಿತರು ಇಷ್ಟು ಸಾರ್ಥಕವಾದ ಪದವನ್ನು ಕಟ್ಟುವುದು ಅಪರೂಪ!

ಇಂಗ್ಲಿಷಿನಲ್ಲಿ ನಾಮಪದವು ಪ್ರತ್ಯಯವಿಲ್ಲದೆಯೇ ಕ್ರಿಯೆಯಾಗಬಲ್ಲುದು; ಕನ್ನಡದಲ್ಲಿ ‘ಇಸು’ ಬೇಕು, ಇಲ್ಲವೆ ‘ಮಾಡು’ ಎಂಬುದರ ನೆರವು ಬೇಕು. ‘ಬಹಿಷ್ಕರಿಸು’ ಎಂಬುದು ಮೊದಲೇ ಸಿದ್ಧವಾಗಿದ್ದುದರಿಂದ ಭಾಷಾಂತರಕಾರರು ಅದನ್ನೇ ಹಿಡಿದರು. ತೊಡಕು ಇಲ್ಲಿಯೇ ಇದೆ. ಬಹಿಷ್ಕಾರವೆಂದರೆ ಒಳಗಿದ್ದವನನ್ನು ಹೊರಗೆ ಹಾಕುವುದು. ಜಾತಿಯ ಕಟ್ಟಿನಲ್ಲಿ ಬಲವಂತರು ದುರ್ಬಲನಿಗೆ ವಿಧಿಸುತ್ತಿದ್ದ ಶಿಕ್ಷೆ ಅದು. ಬಾಯ್ಕಾಟಿನಲ್ಲಾದರೋ ಕರ್ತೃಗಳೇ ದೂರ ಸರಿಯುತ್ತಾರೆ, ಮೂಲ ಪ್ರಸಂಗದಲ್ಲಿ ಕರ್ಮಸ್ಥಾನದಲ್ಲಿದ್ದವನೇ ಬಲವಂತ. ‘ಸದಸ್ಯರು ಸಭೆಯನ್ನು ಬಹಿಷ್ಕರಿಸಿದರು’ ಎಂಬ ವಾಕ್ಯದಲ್ಲಿ ನಿಜವಾಗಿ ಹೊರಗೆ ಉಳಿದವರು ಸದಸ್ಯರು, ಸಭೆಯಲ್ಲ.

1905ರ ಸ್ವದೇಶೀ ಚಳವಳಿಯಲ್ಲಿ ವಿದೇಶೀ ವಸ್ತುಗಳು ಕರ್ಮವಾದ ಮೇಲೆ ಈ ಹೊಸ ಅರ್ಥ ದೇಶಭಾಷೆಗಳಲ್ಲಿ ರೂಢವಾಯಿತು. ಆದರೆ ಹಳೆಯದು ಅಳಿಯಲಿಲ್ಲ. ಅಂಬೇಡ್ಕರರು 1927ರಲ್ಲಿ ಆರಂಭಿಸಿದ ಮರಾಠಿ ಪತ್ರಿಕೆಯ ಹೆಸರು ‘ಬಹಿಷ್ಕೃತ ಭಾರತ’. ಇದನ್ನು ‘ಬಾಯ್ಕಾಟಿಗೆ ಒಳಗಾದ ಭಾರತ’ ಎಂದು ಇಂಗ್ಲಿಷಿಗೆ ತಿರುಗಿಸಿದರೆ ಅರ್ಥವೇ ಕೆಟ್ಟೀತು. ಅಲ್ಲಿ ಹೇಳಿರುವುದು ಹೊರಗಿಡಲ್ಪಟ್ಟವರ ಭಾರತವನ್ನು. ಇನ್ನು ಇಂಗ್ಲಿಷಿನವರೂ ಗ್ರಾಮದ ಬಹಿಷ್ಕಾರವನ್ನು ‘ಸೋಷಿಯಲ್ ಬಾಯ್ಕಾಟ್’ ಎನ್ನುವುದುಂಟು. ಮಹಾರಾಷ್ಟ್ರದ 2016ರ ನಿಷೇಧಶಾಸನದ ಇಂಗ್ಲಿಷ್ ಹೆಸರಿನಲ್ಲಿಯೂ ಅದೇ ಮಾತಿದೆ. ಆದ್ದರಿಂದ ವಿದ್ಯಾರ್ಥಿಯು ವಾಕ್ಯವನ್ನು ತಿರುಗಿಸುವ ಮುನ್ನ, ಹೊರಗೆ ಹೋದವರಾರು, ಹೊರಗೆ ಹಾಕಲ್ಪಟ್ಟವರಾರು ಎಂದು ಕೇಳಿಕೊಳ್ಳಬೇಕು.